ನಲವತ್ತು ರೂಪಾಯಿಯ ಜೋಳ

ನಮ್ಮವ್ವನ ಕಿವಿಗೆ ಯಾವ ಸಾಮಾನಿನ ಬೆಲೆಯೂ ಬೀಳಬಾರದು ಎಂಬ ಕಾನೂನು ನಮ್ಮ ಮನೆಯಲ್ಲಿ ಜಾರಿಗೆ ಬಂದದ್ದು ಬಾದಾಮಿಯಿಂದ. ದಿನಾ ನಾಲ್ಕು ಬಾದಾಮಿ ನೆನೆಹಾಕಿ ಕೊಡಿ, ಅಮ್ಮನಿಗೆ ಶಕ್ತಿ ಬರುತ್ತದೆ ಎಂದು ಡಾಕ್ಟರು ಹೇಳಿದ್ದರು. ನಾನು ಆಫೀಸಿನಿಂದ ಬರುವಾಗ ಸೂಪರ್‌ಮಾರ್ಕೆಟ್ಟಿಗೆ ಹೋಗಿ ಪೊಟ್ಟಣ ತಂದೆ. ಅವ್ವ ಬಾಗಿಲಲ್ಲೇ ನಿಲ್ಲಿಸಿ, "ಎಷ್ಟ ಕೊಟ್ಟಿ?" ಅಂದಳು. ನಾನೊಬ್ಬ ಮಂಕುದಿಣ್ಣೆ, ಇದ್ದದ್ದನ್ನು ಇದ್ದ ಹಾಗೇ ಹೇಳಿದೆ.

"ಶಿವಶಿವಾ! ಕಾಲ್ ಕಿಲೋಕ್ಕ?" ಎಂದು ಅವ್ವ ಸೋಫಾದ ಮೇಲೆ ಕೂತುಬಿಟ್ಟಳು. ಮರುದಿನದಿಂದ ಬಾದಾಮಿ ಮುಟ್ಟಲಿಲ್ಲ. ಬೆಲೆ ಜಾಸ್ತಿ ಎಂದು ಬಾಯಿಬಿಟ್ಟು ಹೇಳುವ ಜಾತಿಯಲ್ಲ ಅವಳು. "ಹಲ್ಲಿಗೆ ಗಟ್ಟಿ ಆಗತೈತಿ" ಅಂದಳು. ನೆನೆಹಾಕಿ ಸಿಪ್ಪೆ ಸುಲಿದ ಬಾದಾಮಿ! ಆಮೇಲೆ ಸೇಬಿನ ಬೆಲೆ ಗೊತ್ತಾಯಿತು, ಸೇಬಿನಿಂದ ನೆಗಡಿ ಶುರುವಾಯಿತು. ತುಪ್ಪದ ಬೆಲೆ ಗೊತ್ತಾಯಿತು, ತುಪ್ಪದಿಂದ ಎದೆ ಉರಿಯತೊಡಗಿತು. ಹೀಗೆ ಒಂದೊಂದು ಬೆಲೆಗೆ ಒಂದೊಂದು ರೋಗ ಹಚ್ಚಿಕೊಂಡು, ಎಂಬತ್ತೆರಡು ವರ್ಷದ ನಮ್ಮವ್ವ ಒಂದೇ ವರ್ಷದಲ್ಲಿ ಸೀರೆಯೊಳಗೆ ಕಾಣದಂತಾದಳು. ತೂಕ ನೋಡಿ ಡಾಕ್ಟರು ನನ್ನನ್ನೇ ಬೈದರು. ಅವರು ಏನನ್ನು ಇಷ್ಟಪಟ್ಟು ತಿನ್ನುತ್ತಾರೋ ಅದನ್ನಾದರೂ ತಪ್ಪಿಸಬೇಡಿ ಎಂದರು.

ಅವ್ವ ಇಷ್ಟಪಟ್ಟು ತಿನ್ನುತ್ತಿದ್ದದ್ದರಲ್ಲಿ ಉಳಿದದ್ದು ಒಂದೇ, ಜೋಳದ ರೊಟ್ಟಿ. ಹಾವೇರಿ ಕಡೆಯಿಂದ ಬಂದು ಮದ್ರಾಸಿನ ಮಾಧವರಂನ ಈ ಫ್ಲಾಟಿನಲ್ಲಿ ನೆಲೆಸಿ ಹನ್ನೆರಡು ವರ್ಷವಾದರೂ ಅವಳಿಗೆ ಅನ್ನ ಊಟವಲ್ಲ. ಅದು "ಜಡ್ಡಿನಾಗ ತಿನ್ನೂದು." ಮಧ್ಯಾಹ್ನ ಎರಡು, ರಾತ್ರಿ ಒಂದೂವರೆ, ತಾನೇ ಬಡಿದು ತಾನೇ ಬೇಯಿಸಿದ ರೊಟ್ಟಿ. ಅದಕ್ಕೂ ಬೆಲೆಯ ರೋಗ ತಗಲಿದರೆ ನಮ್ಮವ್ವ ನಮ್ಮ ಕೈಗೆ ದಕ್ಕುವುದಿಲ್ಲ ಎಂದು ನನಗೆ ನಿಜವಾಗಿಯೂ ಭಯವಾಗಿತ್ತು.

ಮೊದಲು ಜೋಳದ ಚಿಂತೆ ಇರಲಿಲ್ಲ. ನಮ್ಮ ಕಡೆಯಿಂದ ಮೆಣಸಿನಕಾಯಿ ಹೇರಿಕೊಂಡು ಬರುವ ಲಾರಿಯ ಡ್ರೈವರೊಬ್ಬ ಎರಡು ತಿಂಗಳಿಗೊಮ್ಮೆ ಒಂದು ಚೀಲ ಬಿಳಿಜೋಳ ತಂದು ಇಳಿಸುತ್ತಿದ್ದ. ಚೀಲಕ್ಕೆಲ್ಲ ಮೆಣಸಿನ ಘಾಟು. ಹಿಟ್ಟು ನಾದುವಾಗ ಮನೆಮಂದಿಯೆಲ್ಲ ಸೀನುತ್ತಿದ್ದೆವು, ತಿನ್ನುವಾಗ ಮರೆಯುತ್ತಿದ್ದೆವು. ಅವನು ಲಾರಿ ಬಿಟ್ಟು ಮಗಳ ಊರು ಸೇರಿದ. ನಾನು ಮೂಲೆಯ ಅಣ್ಣಾಚ್ಚಿಯ ಕಿರಾಣಿ ಅಂಗಡಿಯಲ್ಲಿ ಜೋಳ ಕೇಳಿದರೆ ಆ ಪುಣ್ಯಾತ್ಮ, "ಎಷ್ಟು ಪಾರಿವಾಳ ಸಾಕಿದ್ದೀರಿ ಸಾರ್?" ಎಂದು ತಮಿಳಿನಲ್ಲಿ ವಿಚಾರಿಸಿದ. ನಾಲ್ಕು ಎಂದೆ. ಮನೆಯಲ್ಲಿ ನಾನು, ಹೆಂಡತಿ, ಮಗಳು, ಅವ್ವ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಆ ಪಾರಿವಾಳದ ಜೋಳದಲ್ಲಿ ಕಾಳಿಗಿಂತ ಕಲ್ಲು ಜಾಸ್ತಿ. ಕೊನೆಗೆ ಸೂಪರ್‌ಮಾರ್ಕೆಟ್ಟಿನ ಹಿಟ್ಟೇ ಗತಿಯಾಯಿತು.

ಅಲ್ಲಿ ಜೋಳದ ಹಿಟ್ಟು ಆಗ ಕೆಳಗಿನ ಸಾಲಿನಲ್ಲಿ, ಫಿನಾಯಿಲ್ ಬಾಟಲಿಯ ಪಕ್ಕದಲ್ಲಿ ಧೂಳು ತಿನ್ನುತ್ತ ಬಿದ್ದಿರುತ್ತಿತ್ತು. ಬಗ್ಗಿ ಎತ್ತಿಕೊಳ್ಳುತ್ತಿದ್ದೆ. ನೋಡನೋಡುತ್ತಿದ್ದ ಹಾಗೆ ಮದ್ರಾಸಿನ ಮಂದಿಗೆಲ್ಲ ಸಿರಿಧಾನ್ಯದ ಹುಚ್ಚು ಹಿಡಿಯಿತು. ಜೋಳ ಕೆಳಗಿನ ಸಾಲಿನಿಂದ ಎದ್ದು ನನ್ನ ಸೊಂಟದ ಮಟ್ಟಕ್ಕೆ ಬಂತು, ಮುಂದಿನ ತಿಂಗಳು ಕಣ್ಣಿನ ಮಟ್ಟಕ್ಕೆ ಬಂತು. ಪೊಟ್ಟಣದ ಮೇಲೆ ಪದ್ಮಾಸನ ಹಾಕಿದ ಹೆಂಗಸಿನ ಚಿತ್ರ ಬಂತು. ಬೆಲೆ ಏರಿತು, ಪೊಟ್ಟಣ ಇಳಿಯಿತು. ಕಿಲೋ ಇದ್ದದ್ದು ಅರ್ಧ ಕಿಲೋ ಆಯಿತು, ಆ ಅರ್ಧಕ್ಕೇ ಮೊದಲಿನ ಕಿಲೋಗಿಂತ ಹೆಚ್ಚು. ಕೊನೆಗೆ ಕಿಲೋ ಲೆಕ್ಕ ನೂರೈವತ್ತರ ಹತ್ತಿರ ಹೋದ ದಿನ ನನಗೆ ತಡೆಯಲಾಗಲಿಲ್ಲ. ಅಲ್ಲಿದ್ದ ಹುಡುಗಿಯ ಮೇಲೆ ಹರಿಹಾಯ್ದೆ. "ಹೆಲ್ದಿ ಸಾರ್" ಎಂದಳು ಅವಳು, ಪಾಪ. ನಮ್ಮಜ್ಜ ಹೆಲ್ದಿ ಅಂತ ತಿಂದದ್ದಲ್ಲ ತಾಯಿ, ಬೇರೆ ಏನೂ ಇರಲಿಲ್ಲ ಅಂತ ತಿಂದದ್ದು, ಎಂದು ಕನ್ನಡದಲ್ಲೇ ಕೂಗಿ, ಎರಡು ಪೊಟ್ಟಣ ಬುಟ್ಟಿಗೆ ಹಾಕಿಕೊಂಡು ಬಂದೆ.

ಮನೆಯಲ್ಲಿ ಅವ್ವ ಕೇಳಿದಳು. ನಾನು "ನಲವತ್ತು" ಅಂದೆ. ಎಲ್ಲಿಂದ ಬಂತೋ ಆ ನಲವತ್ತು, ಬಾಯಿಗೆ ಬಂದುಬಿಟ್ಟಿತು. ಅವ್ವನ ಮುಖ ಅರಳಿತು. "ಅಷ್ಟ ಏನು? ಸೋವಿ ಆತಲ್ಲೋ!" ಎಂದು ಅವತ್ತು ರಾತ್ರಿ ಒಂದೂವರೆ ಬದಲು ಎರಡು ರೊಟ್ಟಿ ತಿಂದಳು. ಆ ಅರ್ಧ ರೊಟ್ಟಿ ನೋಡಿ ನನಗೆ ಎಂಥ ಸಂತೋಷವಾಯಿತು ಎಂದರೆ, ಇನ್ನು ಸಾಯುವ ತನಕ ಸುಳ್ಳೇ ಹೇಳುತ್ತೇನೆ ಎಂದು ಅಲ್ಲೇ ತೀರ್ಮಾನಿಸಿದೆ.

ಸುಳ್ಳು ಹೇಳುವುದು ಸುಲಭ, ಪೊಟ್ಟಣದ ಬಾಯಿ ಮುಚ್ಚಿಸುವುದು ಕಷ್ಟ. ಅವ್ವನಿಗೆ ಇಂಗ್ಲಿಷೂ ಬಾರದು ತಮಿಳೂ ಬಾರದು, ಆದರೆ ಅಂಕಿ ಚೆನ್ನಾಗಿ ಬರುತ್ತದೆ. ಹೀಗಾಗಿ ನಮ್ಮ ಕಟ್ಟಡದ ಕೆಳಗೆ, ವಾಹನ ನಿಲ್ಲಿಸುವ ಜಾಗದಲ್ಲಿ, ಸ್ಕೂಟರಿನ ಸೀಟಿನ ಮೇಲೆ ಹಳೆಯ ಬಟ್ಟೆಚೀಲ ಹರಡಿ, ಪೊಟ್ಟಣ ಹರಿದು ಹಿಟ್ಟು ಸುರಿದುಕೊಂಡು, ಖಾಲಿ ಪೊಟ್ಟಣವನ್ನು ಮಡಚಿ ಕಸದ ಡಬ್ಬಕ್ಕೆ ಹಾಕಿ ಮೇಲೆ ಹೋಗುವ ಪದ್ಧತಿ ಇಟ್ಟುಕೊಂಡೆ. ಒಂದು ಸಂಜೆ ಬಗ್ಗಿ ಸುರಿಯುತ್ತಿದ್ದಾಗ ಹಿಂದಿನಿಂದ ಟಾರ್ಚ್ ಬೆಳಕು ಬಿತ್ತು. ತಿರುಗಿದರೆ ವಾಚ್‌ಮನ್, ಅವನ ಹಿಂದೆ ಅಪಾರ್ಟ್‌ಮೆಂಟ್ ಸಂಘದ ಸೆಕ್ರೆಟರಿ. ನನ್ನ ಅಂಗೈ, ಅಂಗಿಯ ತೋಳು, ಮೂಗಿನ ತುದಿ, ಎಲ್ಲ ಬೆಳ್ಳಗೆ.

"ಎನ್ನ ಸಾರ್ ಇದು?" ಎಂದರು ಸೆಕ್ರೆಟರಿ, ಬಹಳ ಮೆಲ್ಲಗೆ.

ಈ ಸೆಕ್ರೆಟರಿ ಅಂಬತ್ತೂರಿನ ಒಂದು ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು. ಕಟ್ಟಡದಲ್ಲಿ ಎಲ್ಲಿ ನಲ್ಲಿ ಸೋರಿದರೂ ಅವರಿಗೆ ಮೊದಲು ಗೊತ್ತಾಗುತ್ತದೆ. ಮೂರು ವಾರದಿಂದ ನನ್ನನ್ನು ಕ್ಯಾಮೆರಾದಲ್ಲಿ ನೋಡುತ್ತಿದ್ದರಂತೆ. ವಿಮಾ ಕಚೇರಿಯ ನೌಕರ, ಮನೆಯಲ್ಲಿ ವಯಸ್ಸಾದ ತಾಯಿ ಬೇರೆ ಇದ್ದಾರೆ, ಈ ಬಿಳಿ ಪುಡಿಯ ವ್ಯಾಪಾರ ಯಾಕೆ ಸಾರ್ ನಿಮಗೆ ಎಂದು ತಮಿಳಿನಲ್ಲಿ ಬುದ್ಧಿ ಹೇಳತೊಡಗಿದರು. ಜೋಳದ ಹಿಟ್ಟು ಎಂದರೆ ನಂಬಲಿಲ್ಲ. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ನೋಡಿ ಎಂದರೆ ಇಬ್ಬರೂ ಒಂದು ಹೆಜ್ಜೆ ಹಿಂದೆ ಸರಿದರು. ಕೊನೆಗೆ ಅವರನ್ನು ಕರೆದುಕೊಂಡೇ ಮೇಲೆ ಹೋದೆ. ಬೆಲೆ ಮಾತ್ರ ಬಾಯಿಬಿಡಬೇಡಿ ಎಂದು ಲಿಫ್ಟಿನಲ್ಲಿ ಕೈ ಮುಗಿದೆ.

ಅವ್ವ ಆಗ ತಾನೇ ಒಲೆಯ ಮೇಲೆ ಹಂಚು ಇಟ್ಟು ಕೂತಿದ್ದಳು. ಊಟದ ಹೊತ್ತಿಗೆ ಹೊಸ್ತಿಲೊಳಗೆ ಕಾಲಿಟ್ಟವರು ಅವಳ ಪಾಲಿಗೆ ಶಿವನೇ; ಅವರು ತನಿಖೆಗೆ ಬಂದಿದ್ದಾರೋ ಕಳುವಿಗೆ ಬಂದಿದ್ದಾರೋ ಎಂದು ಅವಳು ಕೇಳುವುದಿಲ್ಲ. ಅವಳ ತವರು ದಾಸೋಹದ ಮನೆತನ. ಬಂದವರಿಗೆ ಉಣಿಸಿದ ಮೇಲೇ ಮನೆಯವರ ಊಟ. "ಬರ್ರಿ, ಕುಂದರ್ರಿ" ಎಂದು ಮಣೆ ತೋರಿಸಿದಳು. ಬಿಸಿ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಮೊಸರು. ಸೆಕ್ರೆಟರಿಯವರು ಮೂರು ರೊಟ್ಟಿ ಬಾರಿಸಿದರು. ವಾಚ್‌ಮನ್ ನಾಲ್ಕು. ಸಕ್ಕರೆ ಕಾಯಿಲೆಯವರಿಗೆ ಇದಕ್ಕಿಂತ ಒಳ್ಳೆಯ ಊಟ ಇಲ್ಲವಂತೆ ಎಂದು ಸೆಕ್ರೆಟರಿ ಹೇಳಿದ್ದನ್ನು ನಾನು, ಬುದ್ಧಿ ಕೆಟ್ಟು, ಅವ್ವನಿಗೆ ಕನ್ನಡದಲ್ಲಿ ಹೇಳಿದೆ.

"ದಿನಾ ಬರಾಕ ಹೇಳಪಾ. ನಲವತ್ತ ರೂಪಾಯಿ ಜ್ವಾಳ, ಏನ್ ಬಂಗಾರೇನು?" ಎಂದಳು ಅವ್ವ. ಸೆಕ್ರೆಟರಿಯವರು ನನ್ನ ಮುಖ ನೋಡಿ ಮೀಸೆಯಲ್ಲೇ ನಕ್ಕರು. ಮರುದಿನ ಮತ್ತೆ ಬಂದರು, ಅದರ ಮರುದಿನವೂ ಬಂದರು. ದಿನಾ ಬೆಳಿಗ್ಗೆ ಜೊತೆಗೆ ವಾಕಿಂಗ್ ಹೋಗುವ ಇಬ್ಬರನ್ನೂ ಕರೆತಂದರು. ಇಸ್ತ್ರಿ ಹಾಕುವ ಹೆಂಗಸು ಬಟ್ಟೆ ಕೊಡಲು ಬಂದವಳು ಉಂಡು ಹೋಗತೊಡಗಿದಳು. ನಮ್ಮವ್ವನಂತೂ ಮಠ ಕಟ್ಟಿಸಿದಷ್ಟು ಉತ್ಸಾಹದಲ್ಲಿದ್ದಳು. ಅವಳು ಉಣ್ಣುತ್ತಿದ್ದದ್ದು ನಾಲ್ಕು ರೊಟ್ಟಿ, ಬಡಿಯುತ್ತಿದ್ದದ್ದು ಇಪ್ಪತ್ತು.

ನನ್ನ ಹೆಂಡತಿ ಇಲ್ಲೇ ಹುಟ್ಟಿ ಬೆಳೆದವಳು, ಅಪ್ಪ ಬ್ಯಾಂಕಿನಲ್ಲಿದ್ದರು. ಅವಳ ಕನ್ನಡದಲ್ಲಿ ಕೋಪ ಬಂದಾಗ ತಮಿಳು ಮೇಲೆ ತೇಲುತ್ತದೆ. "ಚುಮ್ಮಾ ಸತ್ಯ ಹೇಳಿಬಿಡ್ರೀ ಅತ್ತೇಗೆ. ನಿಮ್ಮ ಸುಳ್ಳಿಗೆ ನಾನು ಬಜೆಟ್ ಹಾಕ್ಬೇಕಾ?" ಎಂದು ಕೂಗಿದಳು. ಸತ್ಯ ಹೇಳಿದರೆ ಅವ್ವ ಉಣ್ಣುವುದಿಲ್ಲ, ಹೇಳದಿದ್ದರೆ ಊರೆಲ್ಲ ಉಣ್ಣುತ್ತದೆ. ನಾನು ಸುಳ್ಳನ್ನೇ ಮುಂದುವರಿಸಿದೆ. ಕಾಫಿಪುಡಿಯಲ್ಲಿ ಕಾಫಿ ಕಡಿಮೆಯಾಗಿ ಚಿಕೋರಿ ಹೆಚ್ಚಾಯಿತು. ಸಾಂಬಾರಿನ ಬೇಳೆ ತಳ ಸೇರಿತು. ಮಗಳ ಬಿಸ್ಕತ್ತು ನಿಂತಿತು. "ಎನ್ನಪ್ಪಾ ಇದು, ಅನ್ಯಾಯಂ!" ಎಂದು ಅವಳು ತಮಿಳಿನಲ್ಲೇ ಗೋಳಾಡಿದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. ಅಜ್ಜಿ ಮೊಮ್ಮಗಳು ಹೀಗೇ ಎರಡು ಭಾಷೆಯಲ್ಲಿ ಗಂಟೆಗಟ್ಟಲೆ ಹರಟುತ್ತಾರೆ.

ಇಷ್ಟಕ್ಕೇ ಮುಗಿಯಿತು ಎಂದುಕೊಂಡಿದ್ದೆ. ಒಂದು ಭಾನುವಾರ ಅವ್ವ ಊರಿನಲ್ಲಿರುವ ತನ್ನ ತಂಗಿಗೆ, ಅಂದರೆ ನನ್ನ ಚಿಗವ್ವನಿಗೆ, ಫೋನು ಹಚ್ಚಿಸಿಕೊಂಡಳು. ಅಲ್ಲಿಯೂ ಜೋಳ ತುಟ್ಟಿಯಂತೆ, ಅರವತ್ತು ದಾಟಿದೆಯಂತೆ. ಅವ್ವನ ದನಿ ಏರಿತು. "ಇಲ್ಲಿ ನಲವತ್ತಕ್ಕ ಸಿಗತೈತಿ! ಮದ್ರಾಸಿನಾಗ! ತಡಿ, ನನ ಮಗಗ ಹೇಳಿ ಇಪ್ಪತ್ತ ಕಿಲೋ ಕಳಸ್ತೀನಿ."

ಮದ್ರಾಸಿನಿಂದ ಹಾವೇರಿಗೆ ಜೋಳ! ಸಮುದ್ರಕ್ಕೆ ಉಪ್ಪು ಕಳಿಸಿದರೂ ಜನ ಇಷ್ಟು ನಗಲಿಕ್ಕಿಲ್ಲ. ಆದರೆ ಅವ್ವನಿಗೆ ಇಲ್ಲ ಅನ್ನುವುದು ಹೇಗೆ? ಚಿಗವ್ವನ ಓಣಿಯ ಕಿರಾಣಿ ಅಂಗಡಿಯವನಿಗೆ ಗುಟ್ಟಾಗಿ ಫೋನು ಮಾಡಿ, ದುಡ್ಡು ಕಳಿಸಿ, ಅಲ್ಲಿಯದೇ ಜೋಳವನ್ನು ಬೇರೆ ಚೀಲಕ್ಕೆ ತುಂಬಿ ಮದ್ರಾಸಿನಿಂದ ಬಂತು ಎಂದು ಇಳಿಸು ಮಾರಾಯ ಎಂದೆ. ಅವನು ಎರಡು ನಿಮಿಷ ನಕ್ಕು ಒಪ್ಪಿಕೊಂಡ. ನಾಲ್ಕು ದಿನ ಬಿಟ್ಟು ಚಿಗವ್ವನ ಫೋನು. "ಕಳಿಸಿದ್ದು ಮುಟ್ಟೇತಿ ಅಕ್ಕಾ. ಆದ್ರ ನಮ್ಮ ಕಡೆ ಜ್ವಾಳದ ರುಚಿ ಇಲ್ಲ ಬಿಡು. ರೊಟ್ಟಿ ಹರೀತಾವ. ಮದ್ರಾಸ್ ಮಂದಿಗೆ ನಡೀತೈತಿ." ಅವ್ವ ಫೋನಿಟ್ಟು, "ಅಕಿ ಮೊದಲಿಂದ್ಲೂ ಹಂಗ, ಕೊಟ್ಟದ್ರಾಗ ಕೊಂಕು" ಎಂದು ಗೊಣಗಿದಳು.

ಗುಟ್ಟು ರಟ್ಟಾದದ್ದು ಮಗಳಿಂದ. ರಜೆಯಲ್ಲಿ ಅಜ್ಜಿಗೂ ಒಂದಿಷ್ಟು ತಂಪು ಗಾಳಿ ಸಿಗಲಿ ಎಂದು ಅವಳನ್ನು ಆಟೋದಲ್ಲಿ ಸೂಪರ್‌ಮಾರ್ಕೆಟ್ಟಿಗೆ ಕರೆದುಕೊಂಡು ಹೋಗಿದ್ದಾಳೆ. ನಾನು ಆಫೀಸಿನಲ್ಲಿದ್ದೆ. ಮನೆಗೆ ಬಂದಾಗ ಅವ್ವ ಎಂದಿನಂತೆ ರೊಟ್ಟಿ ಬಡಿಯುತ್ತಿದ್ದಳು. ಸೆಕ್ರೆಟರಿಯವರು ಉಂಡರು, ಬಾಯಿ ತುಂಬ ಹೊಗಳಿದರು. ಆಮೇಲೆ ಅವ್ವ ತನ್ನ ತಟ್ಟೆಗೆ ಅನ್ನ ಬಡಿಸಿಕೊಂಡಳು.

"ಯಾಕವ್ವಾ?"

"ಇವತ್ತ್ಯಾಕೋ ಅನ್ನ ಉಣಬೇಕನಿಸ್ತು."

ಮರುದಿನವೂ ಅನಿಸಿತು. ಮೂರನೆಯ ದಿನ ಹಲ್ಲು ನೋಯುತ್ತಿತ್ತು. ನಾಲ್ಕನೆಯ ದಿನ ಹೊಟ್ಟೆ ಭಾರ. ಈ ರೋಗಗಳೆಲ್ಲ ನನಗೆ ಹಳೆಯ ಪರಿಚಯ. ಮಗಳನ್ನು ಕೇಳಿದೆ. ಅವಳು ಮೊಬೈಲಿನಿಂದ ತಲೆ ಎತ್ತದೆ ತಮಿಳಿನಲ್ಲಿ ಹೇಳಿದಳು: ಅಜ್ಜಿ ಆ ಹಿಟ್ಟಿನ ಪೊಟ್ಟಣವನ್ನು ತಿರುಗಿಸಿ ತಿರುಗಿಸಿ ನೋಡಿದರು, ಇದು ಒಂದು ಕಿಲೋನೋ ಅರ್ಧ ಕಿಲೋನೋ ಎಂದು ಕೇಳಿದರು, ಅರ್ಧ ಎಂದೆ, ವಾಪಸು ಇಟ್ಟರು, ಅಷ್ಟೇ.

ನಾನು ಅಡುಗೆಮನೆಗೆ ನುಗ್ಗಿದೆ. ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ನನಗೇ ತಿಳಿಯುತ್ತಿರಲಿಲ್ಲ.

"ಅವ್ವಾ, ರೇಟ್ ನೋಡಿ ರೊಟ್ಟಿ ಬಿಟ್ಟಿ, ಹೌದಿಲ್ಲೋ?"

ಅವ್ವ ಹಿಟ್ಟು ನಾದುತ್ತಲೇ ಇದ್ದಳು. "ಚಿಗವ್ವಗ ಇಪ್ಪತ್ತ ಕಿಲೋ ಕಳಿಸಿದಿ. ಎಷ್ಟಾತೋ ಏನೋ ನನ ಮಗನ. ನಾಕ್ ದಿನದಿಂದ ನನಗ ಕಣ್ಣ ಹತ್ತವಲ್ದು."

ಆ ಜೋಳ ಊರಿನದೇ, ಚಿಗವ್ವನ ಓಣಿಯ ಅಂಗಡಿಯದೇ ಎಂದು ಹೇಳಿಬಿಟ್ಟೆ. ಅವ್ವನ ಕೈ ನಿಂತಿತು. ಒಂದು ಗಳಿಗೆ ನನ್ನನ್ನೇ ನೋಡಿದಳು, ಆಮೇಲೆ ನಕ್ಕಳು ನೋಡಿ! ಹಿಟ್ಟಿನ ಕೈಯನ್ನೇ ಬಾಯಿಗೆ ಅಡ್ಡ ಹಿಡಿದು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. "ತನ್ನ ಓಣಿ ಜ್ವಾಳಕ್ಕ ರುಚಿ ಇಲ್ಲಂದ್ಲಲ್ಲೋ ಅಕಿ!" ನಾನೂ ನಕ್ಕೆ. ಸಮಯ ಚೆನ್ನಾಗಿದೆ ಎಂದುಕೊಂಡು, ಹಂಚಿನ ಮೇಲಿದ್ದ ರೊಟ್ಟಿಯನ್ನು ತಟ್ಟೆಗೆ ಹಾಕಿ ಅವಳ ಮುಂದೆ ಹಿಡಿದೆ. ಅವಳು ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

"ಅನ್ನ ರೂಢಿ ಆಗೇತಿ ತಮ್ಮಾ."

"ಹಂಗಾದ್ರ ಆ ಸೆಕ್ರೆಟರಿಗೂ ಅನ್ನಾನ ಹಾಕು! ಆತಗ ಯಾಕ ಮೂರ್ ಮೂರ್ ಬಡದ ಹಾಕ್ತಿ?"

"ಬಾಗಲಿಗೆ ಬಂದಾವ್ರಿಗೆ ಇಲ್ಲ ಅನ್ನಾಕ ನನಗ ಬರಂಗಿಲ್ಲ" ಎಂದಳು ಅವ್ವ. "ನನಗ ನಾ ಇಲ್ಲ ಅಂದ್ಕೋಬಹುದು."

ನಾನು ಹೊರಗೆ ಬಂದೆ. ನೇರ ನೆಲಮಹಡಿಗೆ ಇಳಿದು ಸೆಕ್ರೆಟರಿಯ ಮನೆಯ ಗಂಟೆ ಒತ್ತಿದೆ. ನಾಳೆಯಿಂದ ಬರಬೇಡಿ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಬೇಕು ಎಂದುಕೊಂಡಿದ್ದೆ. ಬಾಗಿಲು ತೆಗೆದ ಅವರು, "ವಾಂಗೋ ಸಾರ್, ವಾಂಗೋ" ಎಂದು ಕೈ ಹಿಡಿದು ಒಳಗೆ ಕರೆದದ್ದೇ ನನ್ನ ಸಿಟ್ಟು ಇಳಿದುಹೋಯಿತು. ಇದ್ದದ್ದೆಲ್ಲ ಹೇಳಿದೆ, ನಾನು ಹೇಳಿದ ಸುಳ್ಳು, ಅವ್ವ ನೋಡಿದ ಅಂಕಿ, ಅನ್ನದ ತಟ್ಟೆ. ಸೆಕ್ರೆಟರಿಯವರು ಮೀಸೆ ಸವರುತ್ತ ನೆಲ ನೋಡುತ್ತ ಕೂತರು. ಅಷ್ಟು ದೊಡ್ಡ ಮನುಷ್ಯ ಅಷ್ಟು ಸಣ್ಣಗಾದದ್ದನ್ನು ನಾನು ನೋಡಿರಲಿಲ್ಲ. ಅವರ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಭಾನುವಾರ ಮಧ್ಯಾಹ್ನ ಅಮ್ಮನನ್ನು ನಮ್ಮ ಮನೆಗೆ ಊಟಕ್ಕೆ ಕರೆದುಕೊಂಡು ಬನ್ನಿ ಎಂದರು ಆಕೆ, ಗಂಡನ ಕಡೆ ನೋಡದೆ.

ಆಕೆಗೆ ಗೊತ್ತಿತ್ತೋ ಇಲ್ಲವೋ, ಆಕೆ ಹಿಡಿದದ್ದು ಸರಿಯಾದ ದಾರಿಯನ್ನೇ. ಕರೆದವರ ಮನೆಗೆ ಹೋಗದಿರುವುದು ನಮ್ಮವ್ವನಿಂದ ಆಗದು. ಹೋದ ಮೇಲೆ ತಟ್ಟೆಗೆ ಬಿದ್ದದ್ದನ್ನು ಬಿಡುವುದಂತೂ ಸಾಧ್ಯವೇ ಇಲ್ಲ. ಅದು ಪ್ರಸಾದ. ಅಗುಳೂ ಉಳಿಸದೆ ಉಂಡು, ತಟ್ಟೆ ತೊಳೆದ ನೀರನ್ನೂ ಕುಡಿಯುವವಳು ಅವಳು. ಹಲ್ಲುನೋವು, ಹೊಟ್ಟೆಭಾರ ಯಾವುದೂ ಅಲ್ಲಿ ನಡೆಯುವುದಿಲ್ಲ.

ಭಾನುವಾರ ಅವ್ವ ಇಳಕಲ್ ಸೀರೆ ಉಟ್ಟು, ವಿಭೂತಿ ಹಚ್ಚಿಕೊಂಡು ಲಿಫ್ಟಿನಲ್ಲಿ ಇಳಿದಳು. ಜೊತೆಗೆ ನಾನೊಬ್ಬನೇ. ಸೆಕ್ರೆಟರಿಯವರ ಮನೆಯ ಊಟದ ಮೇಜಿನ ಮೇಲೆ ಬಾಳೆಲೆ ಹಾಸಿತ್ತು. ಆ ತಾಯಿ ಮೊಬೈಲಿನಲ್ಲಿ ನೋಡಿ ಕಲಿತು, ಬೆಳಗಿನಿಂದ ಒದ್ದಾಡಿ, ಜೋಳದ ರೊಟ್ಟಿ ಮಾಡಿದ್ದರು. ದೇವರೇ, ಎಂಥ ರೊಟ್ಟಿ! ಬೆರಳು ದಪ್ಪ. ಅಂಚೆಲ್ಲ ಸೀಳು. ಒಂದು ಕಡೆ ಕರಕಲು, ಇನ್ನೊಂದು ಕಡೆ ಹಸಿಹಿಟ್ಟು. ಎಲೆಯ ಮೇಲೆ ಇಟ್ಟಾಗ ಟಪ್ಪೆಂದು ಸದ್ದಾಯಿತು. ಪಕ್ಕದಲ್ಲಿ ಬದನೆಕಾಯಿ ಕೊಳಂಬು, ಅವರ ಕಡೆಯ ಹುಳಿ. ಸೆಕ್ರೆಟರಿಯವರು ಅಪರಾಧಿಯ ಹಾಗೆ ಕೈ ಕಟ್ಟಿ ನಿಂತಿದ್ದರು. ನಮ್ಮವ್ವ ರೊಟ್ಟಿಯ ವಿಷಯದಲ್ಲಿ ಯಾರನ್ನೂ ಸುಮ್ಮನೆ ಬಿಟ್ಟವಳಲ್ಲ. ನನ್ನ ಹೆಂಡತಿ ಹೊಸದರಲ್ಲಿ ಮಾಡಿದ ರೊಟ್ಟಿ ಎತ್ತಿ ಹಿಡಿದು, "ಇದನ್ನ ಬಾಗಲಿಗೆ ಒತ್ತಗೊಟ್ಟ ಇಡವ್ವಾ, ಗಾಳಿಗೆ ಬಡಿಯಂಗಿಲ್ಲ" ಅಂದವಳು. ಇವತ್ತು ಏನು ಅನ್ನುತ್ತಾಳೋ ಎಂದು ನಾನು ನನ್ನ ಎಲೆಯನ್ನೇ ನೋಡುತ್ತ ಕೂತೆ.

ಅವ್ವ ಎಲೆಗೆ ಕೈ ಹಾಕಿದಳು. ರೊಟ್ಟಿ ಮುರಿದು ಕೊಳಂಬಿನಲ್ಲಿ ಅದ್ದಿ ಬಾಯಿಗಿಟ್ಟಳು. ಅಗಿದಳು. ಮತ್ತೆ ಮುರಿದಳು. ತಲೆ ಎತ್ತಲೇ ಇಲ್ಲ. ಹಸಿ ಇದ್ದ ಕಡೆಯನ್ನೂ ಬಿಡಲಿಲ್ಲ, ಕರಕಲಾದ ಕಡೆಯನ್ನೂ ಬಿಡಲಿಲ್ಲ. ಇದು ಮರ್ಯಾದೆಗೆ ಉಣ್ಣುವವರ ಊಟವಲ್ಲ ಎಂದು ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಒಂದು ಮುಗಿಯಿತು, ಎರಡನೆಯದೂ ಮುಗಿಯಿತು. ಎಲೆಯ ಮೇಲೆ ಉದುರಿದ ಚೂರುಗಳನ್ನು ಬೆರಳ ತುದಿಯಿಂದ ಒಂದೊಂದಾಗಿ ಆರಿಸಿ ಬಾಯಿಗೆ ಹಾಕಿಕೊಂಡಳು. ಆಮೇಲೆ, ನನ್ನ ಐವತ್ತೆಂಟು ವರ್ಷದಲ್ಲಿ ಯಾರ ಮನೆಯಲ್ಲಿಯೂ ಇನ್ನಷ್ಟು ಬೇಕು ಎಂದು ಕೇಳಿದ್ದನ್ನು ನಾನು ಕಾಣದ ನಮ್ಮವ್ವ, ಕನ್ನಡ ಬಾರದ ಆ ಹೆಣ್ಣುಮಗಳ ಮುಖ ನೋಡಿ ಕೇಳಿದಳು.

"ಇನ್ನೊಂದ ಐತೇನವಾ?"